ಹದ ನೋಡಿ ಅಚ್ಚಿಗೆ ಕೂರಿಸಿ: ಕನ್ನಡಕಕ್ಕೊಂದು ಗಟ್ಟಿ ಚರ್ಮದ ಕೇಸು

ತೊಗಲನ್ನು ಚರ್ಮವಾಗಿಸುವ ಕೆಲಸಕ್ಕೆ ನಾವು ‘ಹದ ಮಾಡುವುದು’ ಅನ್ನುತ್ತೇವೆ. ಬೆಲ್ಲದ ಪಾಕ ಸರಿಯಾಗಿ ಬಂದ ಗಳಿಗೆಗೂ ‘ಹದ’ ಅನ್ನುತ್ತೇವೆ. ಚರ್ಮವನ್ನು ಕೈಯಿಂದ ಅಚ್ಚಿಗೆ ಕೂರಿಸುವ ಕೆಲಸದಲ್ಲಿ ಈ ಎರಡು ಹದಗಳೂ ಒಟ್ಟಿಗೆ ಬೇಕು. ಸರಿಯಾದ ರೀತಿಯಲ್ಲಿ ಹದ ಮಾಡಿದ ಚರ್ಮ ಕೈಯಲ್ಲಿರಬೇಕು, ಅದರೊಳಗಿನ ನೀರು ಸರಿಯಾದ ಹದಕ್ಕೆ ಬಂದಿರಬೇಕು. ಇವೆರಡೂ ಕೂಡಿಬಂದರೆ ಹೆಬ್ಬೆರಳಿನ ಒತ್ತಡವೇ ಸಾಕು. ಕೂಡಿಬರದಿದ್ದರೆ ಎಷ್ಟು ಕ್ಲ್ಯಾಂಪ್ ಬಿಗಿದರೂ ಮೂಲೆಯಲ್ಲಿ ಸುಕ್ಕು ಬೀಳುತ್ತದೆ, ಒಣಗಿದ ಮೇಲೆ ಆಕಾರ ಜಾರುತ್ತದೆ.

ಇಲ್ಲಿ ಮಾಡಲಿರುವುದು ಕನ್ನಡಕ ಇಡುವ ಗಟ್ಟಿ ಕೇಸು. ಮುಂಭಾಗ ಅಚ್ಚಿನಿಂದ ಉಬ್ಬಿಸಿದ್ದು, ಹಿಂಭಾಗ ಚಪ್ಪಟೆ. ಹಿಂಭಾಗದ ಹಾಳೆಯೇ ಮೇಲಿನಿಂದ ಬಾಗಿ ಮುಚ್ಚಳವಾಗುತ್ತದೆ. ಒಳಗಿನ ಜಾಗ 155 ಮಿ.ಮೀ. ಉದ್ದ, 55 ಎತ್ತರ, 30 ಆಳ. ಮಡಿಸಿದಾಗ 27 ಮಿ.ಮೀ. ಮೀರದ ತೆಳ್ಳಗಿನ ಕನ್ನಡಕಕ್ಕೆ ಈ ಲೆಕ್ಕ. ನಿಮ್ಮ ಕನ್ನಡಕ ಮಡಿಸಿ, ಅದರ ಅತಿ ಉಬ್ಬಿದ ಜಾಗವನ್ನೇ ಅಳೆಯಿರಿ. ಮೂಗಿನ ಪ್ಯಾಡುಗಳನ್ನು ಲೆಕ್ಕಕ್ಕೆ ಹಿಡಿಯಲು ಮರೆತು ಕೇಸು ಬಿಗಿಯಾಗುವುದು ಬಲು ಸಾಮಾನ್ಯ. ಪ್ರತಿ ದಿಕ್ಕಿನಲ್ಲೂ 3ರಿಂದ 5 ಮಿ.ಮೀ. ಸಡಿಲ ಬಿಡಿ. ಆಳ ಹೆಚ್ಚು ಬೇಕಿದ್ದರೆ ಅಚ್ಚಿನ ದಪ್ಪ ಹೆಚ್ಚಿಸಬಹುದು, ಆದರೆ 2 ಮಿ.ಮೀ. ಚರ್ಮದಲ್ಲಿ 35 ದಾಟದಿರುವುದು ಒಳ್ಳೆಯದು. ಅದಕ್ಕಿಂತ ಆಳಕ್ಕೆ ಹೋದರೆ ಮೂಲೆಗಳಲ್ಲಿ ಹೆಚ್ಚಾಗುವ ಚರ್ಮವನ್ನು ಅಡಗಿಸಲು ಜಾಗವೇ ಇರುವುದಿಲ್ಲ.

ಯಾವ ಚರ್ಮ

ಮರದ ತೊಗಟೆ, ಕಾಯಿಗಳ ಒಗರಿನಿಂದ ಹದ ಮಾಡಿದ ಚರ್ಮ, ಅಂದರೆ ವೆಜಿಟಬಲ್ ಟ್ಯಾನ್, ಮಾತ್ರ ಈ ಕೆಲಸಕ್ಕೆ ಆಗುತ್ತದೆ. ಅಂಗಡಿಯವರು ‘ವೆಜ್ ಟ್ಯಾನ್’ ಅನ್ನುತ್ತಾರೆ. ನೀರು ಕುಡಿದಾಗ ಇದರ ನಾರುಗಳ ನಡುವಿನ ಹಿಡಿತ ಸಡಿಲವಾಗಿ, ಒಂದರ ಮೇಲೊಂದು ಜಾರಲು ಆಸ್ಪದವಾಗುತ್ತದೆ. ಒಣಗುತ್ತಾ ಹೋದಂತೆ ಹೊಸ ಜಾಗದಲ್ಲೇ ಮತ್ತೆ ಹಿಡಿದು ನಿಲ್ಲುತ್ತವೆ. ಬ್ಯಾಗು, ಜಾಕೆಟ್, ಸೋಫಾಗಳಿಗೆ ಬಳಸುವ ಕ್ರೋಮ್ ಚರ್ಮ ಹಾಗಲ್ಲ. ಕ್ರೋಮಿಯಂ ಲವಣ ನಾರುಗಳನ್ನು ಗಟ್ಟಿಯಾಗಿ ಬೆಸೆದಿರುತ್ತದೆ. ನೆನೆಸಿ ಎಳೆದರೂ ಒಣಗಿದ ಮೇಲೆ ಮೆತ್ತಗಾಗಿ ಮೊದಲಿನ ಆಕಾರದ ಕಡೆಗೇ ಸರಿಯುತ್ತದೆ.

ಗುರುತಿಸುವುದು ಕಷ್ಟವಲ್ಲ. ಕತ್ತರಿಸಿದ ಅಂಚಿನ ಒಳಬಣ್ಣ ನೋಡಿ. ಬಣ್ಣ ಹಾಕದ ವೆಜ್ ಟ್ಯಾನ್ ಅಂಚಿನುದ್ದಕ್ಕೂ ತಿಳಿ ಕಂದು ಅಥವಾ ಗೋಧಿ ಬಣ್ಣ, ಕ್ರೋಮ್ ಚರ್ಮದ ನಡುಪದರ ಸಾಮಾನ್ಯವಾಗಿ ಬೂದು ನೀಲಿ. ನುಣುಪು ಮೈಮೇಲೆ ಒಂದು ಹನಿ ನೀರು ಬಿಡಿ. ಕೆಲವು ಸೆಕೆಂಡುಗಳಲ್ಲಿ ಒಳಗಿಳಿದು ಕಪ್ಪಾದರೆ ಒಳ್ಳೆಯದು. ಹನಿ ಮುತ್ತಿನಂತೆ ಮೇಲೆಯೇ ನಿಂತರೆ ಮೇಣವೋ ಪೇಂಟೋ ಬಳಿದಿದ್ದಾರೆ, ಅದು ವೆಜ್ ಟ್ಯಾನ್ ಆಗಿದ್ದರೂ ನೀರು ಸಮನಾಗಿ ಹಿಡಿಯುವುದಿಲ್ಲ. ಅನುಮಾನ ಇದ್ದರೆ ಒಂದು ಬೆರಳಗಲದ ಚೂರನ್ನು ನೆನೆಸಿ, ಪೆನ್ನಿಗೆ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ರಾತ್ರಿ ಬಿಡಿ. ಬೆಳಗ್ಗೆ ಬಿಚ್ಚಿದಾಗ ಸುರುಳಿಯಾಗಿಯೇ ನಿಂತರೆ ಆ ಚರ್ಮ ಕೊಳ್ಳಿ.

ಒಗರಿನ ಹದ ನಮ್ಮ ಕಡೆಗೆ ಹೊಸದೇನಲ್ಲ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಸೇರಿದವು. ಅಥಣಿ, ನಿಪ್ಪಾಣಿ ಕಡೆಯ ಆ ಚಪ್ಪಲಿಗಳ ಚರ್ಮ ಜಾಲಿ ತೊಗಟೆ, ಅಳಲೆಕಾಯಿಗಳಲ್ಲಿ ಹದವಾದದ್ದೇ. ಆದರೆ ಅಲ್ಲಿನ ಎಮ್ಮೆ ಚರ್ಮ ಅಟ್ಟೆಗೆ ಹೇಳಿ ಮಾಡಿಸಿದ್ದು. ಅದರ ಒರಟು ನಾರು ಸಣ್ಣ ಮೂಲೆಗಳನ್ನು ತೀಕ್ಷ್ಣವಾಗಿ ಹಿಡಿಯುವುದಿಲ್ಲ. ಈ ಕೇಸಿಗೆ ಹಸುವಿನ ವೆಜ್ ಟ್ಯಾನ್ ಕೇಳಿ, ದಪ್ಪ 1.8ರಿಂದ 2 ಮಿ.ಮೀ. ಚೆನ್ನೈನ ಪೆರಿಯಮೇಟ್, ಕಾನ್ಪುರ, ಮುಂಬೈನ ಧಾರಾವಿ ಇದರ ದೊಡ್ಡ ಮಾರುಕಟ್ಟೆಗಳು. ಕಾನ್ಪುರದ ಜೀನು, ಲಗಾಮಿನ ಚರ್ಮ ದಪ್ಪಗಿರುವುದರಿಂದ ಅಳೆಯದೆ ತರಿಸಬೇಡಿ. ಚರ್ಮ ಚದರಡಿ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಈ ಕೇಸಿಗೆ ಒಂದು ಚದರಡಿಗಿಂತ ಸ್ವಲ್ಪ ಕಡಿಮೆಯೇ ಬೇಕಾದರೂ, ಕಲೆ, ಗಾಯದ ಗುರುತು ತಪ್ಪಿಸಿ ಕತ್ತರಿಸಲು ಒಂದೂವರೆ ಅಡಿ ಇಟ್ಟುಕೊಳ್ಳಿ.

ಹಸುವಿನ ಮೈಯ ಯಾವ ಭಾಗ ಅನ್ನುವುದೂ ಮುಖ್ಯ. ಉಬ್ಬಿಸುವ ಮುಂಭಾಗಕ್ಕೆ ಹೆಗಲಿನ ಚರ್ಮ ಬಲು ಚೆನ್ನ, ಸಮನಾಗಿ ಹಿಗ್ಗುತ್ತದೆ. ಹಿಂಭಾಗ ಮತ್ತು ಮುಚ್ಚಳಕ್ಕೆ ಬೆನ್ನಿನ ಬಿಗಿ ಚರ್ಮ. ಹೊಟ್ಟೆಯ ಭಾಗ ಅಗ್ಗಕ್ಕೆ ಸಿಗುತ್ತದೆ, ಚೆನ್ನಾಗಿ ಹಿಗ್ಗುತ್ತದೆ ಕೂಡ, ಆದರೆ ಒಂದು ಕಡೆ ಹೆಚ್ಚು ಇನ್ನೊಂದು ಕಡೆ ಕಡಿಮೆ. ಒಣಗುವಾಗ ಹಾಗೆಯೇ ವಕ್ರವಾಗಿ ಕುಗ್ಗುತ್ತದೆ. ಅದನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಿ.

ಗಂಡಚ್ಚು, ಹೆಣ್ಣಚ್ಚು

18 ಮಿ.ಮೀ. ಮತ್ತು 12 ಮಿ.ಮೀ. ಪ್ಲೈವುಡ್ ಅಂಟಿಸಿದರೆ 30 ಆಗುತ್ತದೆ. ಅದರಿಂದ 155 × 75 ಮಿ.ಮೀ. ತುಂಡು ಕತ್ತರಿಸಿ, ಇದೇ ಗಂಡಚ್ಚು. ಎತ್ತರ 55 ಸಾಕಿದ್ದರೂ 75 ಇಡುವುದಕ್ಕೆ ಕಾರಣವಿದೆ. ಚರ್ಮವನ್ನು ಮೊದಲು ಪೂರ್ತಿ ತಟ್ಟೆಯಂತೆ ನಾಲ್ಕೂ ಕಡೆ ಉಬ್ಬಿಸಿ, ಆಮೇಲೆ ಒಂದು ಬದಿಯನ್ನು 55ರ ಗೆರೆಯಲ್ಲಿ ಕೊಯ್ದು ಬಾಯಿ ಮಾಡುತ್ತೇವೆ. ಬಾಯಿಯ ಗೆರೆಯಲ್ಲೇ ಅಚ್ಚು ಮುಗಿದರೆ ಆ ಅಂಚು ಎಂದಿಗೂ ನೇರ ಬರುವುದಿಲ್ಲ.

ಗಂಡಚ್ಚಿನ ನಾಲ್ಕು ಮೂಲೆಗಳನ್ನು 20 ಮಿ.ಮೀ. ತ್ರಿಜ್ಯಕ್ಕೆ ದುಂಡಾಗಿಸಿ. ಮೇಲಂಚನ್ನು, ಅಂದರೆ ಚರ್ಮದ ಮುಖ ಕೂರುವ ಕಡೆಯದನ್ನು, ಅರದಿಂದ ಉಜ್ಜಿ 8ರಿಂದ 10 ಮಿ.ಮೀ. ತ್ರಿಜ್ಯಕ್ಕೆ ತನ್ನಿ. ಕೆಳಗಿನ ಅಂಚು ಚೂಪಾಗಿಯೇ ಇರಲಿ. ಬುಡದಿಂದ ಮೇಲಕ್ಕೆ ಒಟ್ಟು 2 ಮಿ.ಮೀ. ಕಿರಿದಾಗುವಂತೆ ಇಳಿಜಾರು ಕೊಟ್ಟರೆ ಒಣಗಿದ ಚರ್ಮದಿಂದ ಅಚ್ಚು ಸಲೀಸಾಗಿ ಹೊರಬರುತ್ತದೆ. ಇದು ಇಲ್ಲದ ಅಚ್ಚನ್ನು ಬಿಡಿಸುವಾಗ ಗೋಡೆ ಬಾಗುತ್ತದೆ. ಸ್ಯಾಂಡ್ ಪೇಪರಿನಲ್ಲಿ ಕನ್ನಡಿಯಂತೆ ನುಣುಪು ಮಾಡಿ. ಮರದ ಪ್ರತಿ ಗೀರೂ ಚರ್ಮದ ಮೇಲೆ ಕಾಣುತ್ತದೆ. ಎರಡು ಕೈ ವಾರ್ನಿಷ್ ಹೊಡೆದರೆ ಮರ ನೀರು ಹೀರುವುದಿಲ್ಲ, ಊದುವುದೂ ಇಲ್ಲ.

ಹೆಣ್ಣಚ್ಚು ಅಂದರೆ ನಡುವೆ ಕಿಟಕಿ ಕೊಯ್ದ 18 ಮಿ.ಮೀ. ಹಲಗೆ, ಹೊರ ಅಳತೆ 280 × 200. ಕಿಟಕಿಯ ಅಳತೆ ಗಂಡಚ್ಚಿನ ಬುಡಕ್ಕಿಂತ ಪ್ರತಿ ಬದಿಗೂ ಚರ್ಮದ ದಪ್ಪದಷ್ಟು ದೊಡ್ಡದು. 2 ಮಿ.ಮೀ. ಚರ್ಮಕ್ಕೆ 159 × 79, ಮೂಲೆಯ ತ್ರಿಜ್ಯ 22. ಈ ಸಂದಿಯ ಲೆಕ್ಕದಲ್ಲಿ ಜಿಪುಣತನವೂ ಬೇಡ, ಧಾರಾಳವೂ ಬೇಡ. ಸಂದಿ ಸಣ್ಣದಾದರೆ ಹಲಗೆ ಇಳಿಯುವಾಗ ಚರ್ಮದ ನುಣುಪು ಮೈ ಕೆತ್ತಿಹೋಗುತ್ತದೆ, ದೊಡ್ಡದಾದರೆ ಗೋಡೆ ಸಡಿಲವಾಗಿ ಮೂಲೆಯಲ್ಲಿ ಮಡಿಕೆ ನಿಲ್ಲುತ್ತದೆ. ಕಿಟಕಿಯ ಕೆಳ ಒಳಅಂಚನ್ನು ಒಂದು ಮಿ.ಮೀ.ನಷ್ಟು ಮಾತ್ರ ದುಂಡಾಗಿಸಿ, ಚರ್ಮಕ್ಕೆ ಮೊದಲು ತಾಗುವುದು ಆ ಅಂಚೇ. ಜಿಗ್‌ಸಾ ಕೈಗೆ ಒಗ್ಗದವರು ಈ ಅಳತೆಗಳನ್ನು ಚೀಟಿಯಲ್ಲಿ ಬರೆದು ಬಡಗಿಯ ಹತ್ತಿರ ಕೊಟ್ಟರೆ ಅರ್ಧ ದಿನದ ಕೆಲಸ.

ಬುಡಕ್ಕೊಂದು 280 × 200ರ ಹಲಗೆ ಇರಲಿ. ಗಂಡಚ್ಚನ್ನು ಅದರ ನಡುವೆ, ಕೆಳಗಿನಿಂದ ಎರಡು ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಕ್ರೂ ಹಾಕಿ ಕೂರಿಸಿ. ಕಬ್ಬಿಣ ಬೇಡವೇ ಬೇಡ. ಒದ್ದೆ ಚರ್ಮದ ಒಗರಿಗೆ ಕಬ್ಬಿಣ ತಾಗಿದರೆ ನೀಲಿಗಪ್ಪು ಕಲೆ ಏಳುತ್ತದೆ. ಅಳಲೆಕಾಯಿ ಮತ್ತು ಕಬ್ಬಿಣ ಸೇರಿಸಿ ಕಲಂಕಾರಿಯಲ್ಲಿ ಕಪ್ಪು ಬಣ್ಣ ತೆಗೆಯುವುದು ಇದೇ ಗುಣದಿಂದ. ಬಟ್ಟೆಗೆ ವರವಾದದ್ದು ಇಲ್ಲಿ ಕೆಲಸ ಕೆಡಿಸುತ್ತದೆ. ಕೊರೆದ ಸ್ಕ್ರೂವಿನ ಕಬ್ಬಿಣದ ಪುಡಿ ಮೇಜಿನ ಮೇಲೆ ಉಳಿದಿದ್ದರೂ ಸಾಕು, ಚರ್ಮದ ತುಂಬ ಕಪ್ಪು ಚುಕ್ಕಿ. ಆಗಿಯೇ ಹೋದ ಕಲೆಗೆ ನಿಂಬೆರಸ ಒತ್ತಿ ಐದು ನಿಮಿಷ ಬಿಟ್ಟು ನೀರಿನಿಂದ ಒರೆಸಿದರೆ ತಿಳಿಯಾಗುತ್ತದೆ, ಆಳಕ್ಕಿಳಿದದ್ದು ಮಾತ್ರ ಪೂರ್ತಿ ಹೋಗದು.

ನೀರಿನ ಹದ

ಮುಂಭಾಗಕ್ಕೆ 280 × 200 ಮಿ.ಮೀ. ತುಂಡು ಕತ್ತರಿಸಿ. ಅಚ್ಚಿನ ಉದ್ದ 155, ಎರಡು ಗೋಡೆಗೆ 60, ಉಳಿದದ್ದು ಎರಡೂ ಕಡೆ ಹಿಡಿದು ಎಳೆಯಲು. ಕೈಗೆ ಹಿಡಿತ ಸಿಗದಷ್ಟು ಬಿಗಿಯಾಗಿ ಕತ್ತರಿಸಿ ಉಳಿಸುವ ಚರ್ಮದಿಂದ ಏನೂ ಲಾಭವಿಲ್ಲ.

ನೆನೆಸುವ ಮೊದಲು ಒಂದು ಕೆಲಸ. ಗಂಡಚ್ಚನ್ನೂ ಒಣ ಚರ್ಮವನ್ನೂ ಒಟ್ಟಿಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಆ ಗ್ರಾಂ ಲೆಕ್ಕವನ್ನು ಅಚ್ಚಿನ ಮೇಲೆಯೇ ಪೆನ್ಸಿಲಿನಲ್ಲಿ ಬರೆದಿಡಿ. ಇದರ ಉಪಯೋಗ ಮುಂದೆ ತಿಳಿಯುತ್ತದೆ.

ಬೋರ್‌ವೆಲ್ ನೀರು ಬಳಸುವವರು ಎಚ್ಚರ ವಹಿಸಬೇಕು. ಬಕೆಟ್ಟಿನ ತಳದಲ್ಲಿ ಕೆಂಪು ಕಟ್ಟುವ ನೀರಿನಲ್ಲಿ ಕಬ್ಬಿಣವಿರುತ್ತದೆ, ಅದರಲ್ಲಿ ನೆನೆಸಿದ ಚರ್ಮ ಅಲ್ಲಲ್ಲಿ ಬೂದು ತಿರುಗುತ್ತದೆ. ಫಿಲ್ಟರ್ ನೀರನ್ನೋ ಮಳೆನೀರನ್ನೋ ಪ್ಲಾಸ್ಟಿಕ್ ಅಥವಾ ಸ್ಟೀಲ್ ಟಬ್ಬಿನಲ್ಲಿ ತೆಗೆದುಕೊಳ್ಳಿ. ನೀರು ಉಗುರುಬೆಚ್ಚಗೆ, 40 ಡಿಗ್ರಿ ಸೆಲ್ಸಿಯಸ್ ಮೀರದಂತೆ. ಬಿಸಿ ಹೆಚ್ಚಾದಷ್ಟೂ ಚರ್ಮ ಬೇಗ ಮೆತ್ತಗಾಗುತ್ತದೆ ಎಂದು ಕುದಿನೀರು ಸುರಿಯುವವರಿದ್ದಾರೆ. ಒದ್ದೆಯಾದ ವೆಜ್ ಟ್ಯಾನ್ ಚರ್ಮ 70ರಿಂದ 85 ಡಿಗ್ರಿಯ ನಡುವೆಯೇ ಕುಗ್ಗಿ ಮುದುಡುತ್ತದೆ. ಹಾಗೆ ಬೆಂದ ಚರ್ಮ ಒಣಗಿದಾಗ ಹಪ್ಪಳದಂತೆ ಮುರಿಯುತ್ತದೆ, ಅದನ್ನು ಸರಿಪಡಿಸುವ ದಾರಿಯಿಲ್ಲ.

ಚರ್ಮವನ್ನು ಪೂರ್ತಿ ಮುಳುಗಿಸಿ. ಮೈಯಿಂದ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ, ನಾರುಗಳ ನಡುವಿನ ಗಾಳಿ ಹೊರಬರುತ್ತಿದೆ ಎಂದರ್ಥ. ಗುಳ್ಳೆ ನಿಲ್ಲುವ ತನಕ ಬಿಡಿ, 2 ಮಿ.ಮೀ. ಚರ್ಮಕ್ಕೆ ಕೆಲವೇ ನಿಮಿಷ ಸಾಕು. ಗಂಟೆಗಟ್ಟಲೆ ಬಿಟ್ಟರೆ ಒಗರು ನೀರಿಗೆ ಇಳಿದು ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ, ಅಷ್ಟರಮಟ್ಟಿಗೆ ಚರ್ಮದ ಕಸುವು ಹೋಯಿತು.

ಹೊರತೆಗೆದ ಚರ್ಮವನ್ನು ಕೂಡಲೇ ಅಚ್ಚಿಗೆ ಹಾಕಬೇಡಿ. ನೀರು ತೊಟ್ಟಿಕ್ಕುವ ಚರ್ಮ ಸ್ಪಂಜಿನಂತೆ. ಒತ್ತಿದಾಗ ತಗ್ಗುತ್ತದೆ, ಕೈ ತೆಗೆದರೆ ಉಬ್ಬುತ್ತದೆ, ಗೆರೆ ಹಿಡಿಯುವುದಿಲ್ಲ. ಟವೆಲ್ಲಿನಲ್ಲಿ ಒತ್ತಿ ಮೇಲಿನ ನೀರು ತೆಗೆದು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಂದೆರಡು ಗಂಟೆ ಇಡಿ. ಆಗ ನೀರು ಮೇಲೆ, ಕೆಳಗೆ, ನಡುವೆ ಒಂದೇ ಸಮನಾಗಿ ಹರಡುತ್ತದೆ. ಚಪಾತಿ ಹಿಟ್ಟು ಕಲಸಿ ಮುಚ್ಚಿಡುವುದು ನೆನಪಾದರೆ ಈ ಹೆಜ್ಜೆಯ ಅರ್ಥ ತಾನಾಗಿ ತಿಳಿಯುತ್ತದೆ. ಕವರ್ ಬಿಚ್ಚಿ ಐದು ಹತ್ತು ನಿಮಿಷ ಗಾಳಿಗೆ ಬಿಡಿ. ಕಪ್ಪಾಗಿದ್ದ ಮೈ ಅಂಚಿನಿಂದ ತನ್ನ ಮೊದಲಿನ ತಿಳಿಬಣ್ಣಕ್ಕೆ ಮರಳಲು ಶುರುಮಾಡುತ್ತದೆ. ಅದನ್ನು ಕೆನ್ನೆಗೆ ತಾಗಿಸಿ. ನೋಡಲು ಒಣಗಿದಂತಿದ್ದು, ಕೆನ್ನೆಗೆ ಮಣ್ಣಿನ ಹೂಜಿಯಷ್ಟು ತಣ್ಣಗಿದ್ದರೆ ಅದೇ ಹದ. ಉಗುರಿನಿಂದ ಮೂಲೆಯಲ್ಲಿ ಗೀರಿ ನೋಡಿ. ಗೆರೆ ಕಂದಾಗಿ ಮೂಡಿ ಹಾಗೆಯೇ ನಿಲ್ಲಬೇಕು, ಅದರಲ್ಲಿ ನೀರು ಒಸರಬಾರದು.

ಕವರಿನಲ್ಲಿಟ್ಟದ್ದನ್ನು ಮರೆಯಬೇಡಿ. ಮಳೆಗಾಲದ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಎರಡು ಮೂರು ದಿನಕ್ಕೇ ಬೂಷ್ಟು ಹಿಡಿಯುತ್ತದೆ. ಅಂದು ಕೆಲಸ ಆಗದಿದ್ದರೆ ಚರ್ಮವನ್ನು ಚಪ್ಪಟೆಯಾಗಿ ಒಣಗಿಸಿಬಿಡಿ, ನಾಳೆ ಮತ್ತೆ ನೆನೆಸಬಹುದು.

ಅಚ್ಚಿಗೆ ಕೂರಿಸುವುದು

ಮೊದಲು ಉಂಗುರ, ವಾಚು, ಬಳೆ ತೆಗೆದಿಡಿ, ಉಗುರು ಕತ್ತರಿಸಿಕೊಳ್ಳಿ. ಹದವಾದ ಚರ್ಮದ ಮೇಲೆ ಬಿದ್ದ ಉಗುರಿನ ಗುರುತು ಕೇಸು ಇರುವ ತನಕ ಇರುತ್ತದೆ. ಗಂಡಚ್ಚಿಗೆ ಒಂದು ಸುತ್ತು ಕ್ಲಿಂಗ್ ಫಿಲ್ಮ್ (ತಿಂಡಿ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆ) ಬಿಗಿಯಾಗಿ, ಮಡಿಕೆ ಬಾರದಂತೆ ಸುತ್ತಿ.

ನುಣುಪು ಮೈ ಮೇಲಾಗಿ ಚರ್ಮವನ್ನು ಅಚ್ಚಿನ ಮೇಲೆ ಹಾಸಿ, ನಾಲ್ಕೂ ಕಡೆ ಸಮ ಉಳಿದಿದೆಯೇ ನೋಡಿ. ಹೆಣ್ಣಚ್ಚನ್ನು ಇನ್ನೂ ಮುಟ್ಟಬೇಡಿ. ಎರಡೂ ಅಂಗೈಗಳಿಂದ ನಡುವಿನಿಂದ ಹೊರಕ್ಕೆ ಸವರುತ್ತಾ, ಮೊದಲು ಉದ್ದನೆಯ ಬದಿಗಳನ್ನು, ಆಮೇಲೆ ಗಿಡ್ಡ ಬದಿಗಳನ್ನು ಕೆಳಕ್ಕೆ ಬಾಗಿಸಿ. ಮೂಲೆಗಳಲ್ಲಿ ಚರ್ಮ ಹೆಚ್ಚಾಗಿ ಕಿವಿಯಂತೆ ಎದ್ದು ನಿಲ್ಲುತ್ತದೆ. ಈ ಕಿವಿಯನ್ನು ಅಡಗಿಸುವುದೇ ಇಡೀ ಕೆಲಸದ ಸಾರ. ಒಂದು ಕೈಯಿಂದ ಮೂಲೆಯ ಚರ್ಮವನ್ನು ಕರ್ಣದ ದಿಕ್ಕಿಗೆ, ಹೊರಕ್ಕೂ ಕೆಳಕ್ಕೂ ಎಳೆದು ಹಿಡಿದು, ಇನ್ನೊಂದು ಹೆಬ್ಬೆರಳಿನಿಂದ ಮಡಿಕೆಯನ್ನು ಬುಡದಿಂದ ಅಕ್ಕಪಕ್ಕಕ್ಕೆ ಹಂಚುತ್ತಾ ಉಜ್ಜಿ. ಒಂದು ದೊಡ್ಡ ಮಡಿಕೆ ಎರಡು ಸಣ್ಣದಾಗುತ್ತದೆ, ಎರಡು ನಾಲ್ಕಾಗುತ್ತದೆ, ಕೊನೆಗೆ ನಾರುಗಳು ಒಂದರೊಳಗೊಂದು ಒತ್ತಿಕೊಂಡು ಮೈ ನುಣುಪಾಗುತ್ತದೆ. ಒಂದು ಮೂಲೆಗೆ ಐದು ನಿಮಿಷ ಕೊಡಿ. ಮಡಿಕೆಯ ಮೇಲೆ ನೇರವಾಗಿ ಒತ್ತಬಾರದು. ಒತ್ತಿದರೆ ಅದು ಮಡಚಿಕೊಂಡು ಗೆರೆಯಾಗಿ ಕೂರುತ್ತದೆ, ಮತ್ತೆ ಬಿಡಿಸಿದರೂ ಗುರುತು ಹೋಗದು. ಆ ಜಾಗ ಒಣಗಿದಂತೆ ಕಂಡರೆ ಸ್ಪ್ರೇ ಬಾಟಲಿಯಿಂದ ಒಂದೇ ಒಂದು ಸಲ ನೀರು ಚಿಮುಕಿಸಿ.

ನಾಲ್ಕೂ ಮೂಲೆ ಮುಕ್ಕಾಲು ಪಾಲು ಕೂತ ಮೇಲೆ ಹೆಣ್ಣಚ್ಚು ಇಡಿ. ಎರಡೂ ಅಂಗೈ ಎದುರು ಬದುರಾಗಿಟ್ಟು ಸಮನಾಗಿ ಒತ್ತಿ. ಒಂದು ಬದಿ ಮೊದಲು ಇಳಿದರೆ ಚರ್ಮ ಆ ಕಡೆಗೆ ಸರಿದು ಒಂದು ಗೋಡೆ ತೆಳ್ಳಗಾಗುತ್ತದೆ. ಅರ್ಧಕ್ಕೆ ಇಳಿದಾಗ ನಿಲ್ಲಿಸಿ, ಹಲಗೆಯ ಕೆಳಗೆ ಹೊರಚಾಚಿದ ಚರ್ಮವನ್ನು ಸುತ್ತಲೂ ಒಂದು ಸಲ ಎಳೆಯಿರಿ. ಮೂಲೆಗಳನ್ನು ಎರಡು ಸಲ. ಈ ಎಳೆತ ಮರೆತರೆ ಹೊರಪಟ್ಟಿಯಲ್ಲಿ ಅಲೆ ಉಳಿದು, ಮುಂದೆ ಹೊಲಿಗೆ ನೇರ ಬರುವುದಿಲ್ಲ.

ಪೂರ್ತಿ ಇಳಿದ ಮೇಲೆ ಆರು ಕ್ಲ್ಯಾಂಪ್: ನಾಲ್ಕು ಮೂಲೆ, ಎರಡು ಉದ್ದ ಬದಿಗಳ ನಡು. ಕಾರಿನ ಚಕ್ರದ ನಟ್ಟು ಬಿಗಿಯುವಂತೆ ಎದುರೆದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ. ಗಂಡಚ್ಚು 30, ಹೆಣ್ಣಚ್ಚು 18, ಹಾಗಾಗಿ ಉಬ್ಬು 12 ಮಿ.ಮೀ. ಮೇಲೆ ಕಾಣುತ್ತಿರುತ್ತದೆ. ಕಾಣುವ ದುಂಡಂಚನ್ನು ಬೋನ್ ಫೋಲ್ಡರಿನಿಂದ ಸುತ್ತಲೂ ಉಜ್ಜಿ. ಮೂಳೆಯ ಚಪ್ಪಟೆ ಕಡ್ಡಿ ಅದು, ಸಿಗದಿದ್ದರೆ ಸ್ಟೀಲ್ ಚಮಚದ ಹಿಂಬದಿ ಆದೀತು. ಉಜ್ಜಿದಷ್ಟೂ ಚರ್ಮ ಗಟ್ಟಿಯಾಗಿ ಹೊಳಪು ಬರುತ್ತದೆ.

ಒಣಗಿಸುವಾಗ ಆತುರ ಬೇಡ

ನಾಲ್ಕರಿಂದ ಆರು ಗಂಟೆಗಳಲ್ಲಿ ಚರ್ಮ ಆಕಾರ ಹಿಡಿದಿರುತ್ತದೆ. ಆಗ ಹೆಣ್ಣಚ್ಚನ್ನು ತೆಗೆಯಿರಿ, ಹಲಗೆಯಡಿ ಗಾಳಿ ಆಡದ ಪಟ್ಟಿ ಎರಡು ದಿನವಾದರೂ ಒಣಗದು. ತೆಗೆದ ಕೂಡಲೇ ಗೋಡೆ ಮತ್ತು ಪಟ್ಟಿ ಸೇರುವ ಮೂಲೆಗೆರೆಯನ್ನು ಬೋನ್ ಫೋಲ್ಡರಿನ ತುದಿಯಿಂದ ಗೀರಿ ತೀಕ್ಷ್ಣ ಮಾಡಿ. ಇದು ಬೆಣ್ಣೆಯಂತೆ ಆಗುವ ಗಳಿಗೆ ಇದೊಂದೇ. ಗಂಡಚ್ಚು ಮಾತ್ರ ಪೂರ್ತಿ ಒಣಗುವ ತನಕ ಒಳಗೇ ಇರಬೇಕು. ಮೊದಲೇ ತೆಗೆದರೆ ಒಣಗುವಾಗಿನ ಕುಗ್ಗುವಿಕೆಯಲ್ಲಿ ಕೇಸು ಚಿಕ್ಕದಾಗಿ ಕನ್ನಡಕ ಒಳಗೆ ಹೋಗುವುದಿಲ್ಲ.

ನೆರಳಿನಲ್ಲಿ, ಫ್ಯಾನಿನ ಗಾಳಿಗೆ ಇಡಿ. ಬಿಸಿಲು ಬೇಡ. ಹೇರ್ ಡ್ರೈಯರ್ ತೀರಾ ಬೇಕಾದರೆ ತಣ್ಣನೆಯ ಗಾಳಿಯಲ್ಲಿ. ಮೇಲ್ಮೈ ಒಳಗಿಗಿಂತ ಬೇಗ ಒಣಗಿದರೆ ಕಪ್ಪಾಗಿ, ಬಾಗಿಸಿದಾಗ ಬಿರುಕು ಬಿಡುತ್ತದೆ. ಬೇಸಗೆಯ ಬಳ್ಳಾರಿ, ರಾಯಚೂರಿನಲ್ಲಿ ಫ್ಯಾನೂ ಬೇಡ, ತೆಳು ಬಟ್ಟೆ ಮುಚ್ಚಿ ನಿಧಾನಿಸಿ. ಬೆಂಗಳೂರು, ಧಾರವಾಡದ ಒಣಹವೆಯಲ್ಲಿ ಒಂದೂವರೆ ದಿನ, ಜೂನಿನ ಮಂಗಳೂರಿನಲ್ಲಿ ಮೂರು ದಿನ ಹಿಡಿದರೆ ಆಶ್ಚರ್ಯವಿಲ್ಲ. ಮುಟ್ಟಿ ನೋಡಿ ತೀರ್ಮಾನಿಸಬೇಡಿ. ಕೆಳಗಿನ ಸ್ಕ್ರೂ ಬಿಚ್ಚಿ, ಅಚ್ಚು ಸಮೇತ ತೂಗಿ. ಮೊದಲು ಬರೆದಿಟ್ಟ ತೂಕಕ್ಕೆ ಎರಡು ಮೂರು ಗ್ರಾಂ ಹತ್ತಿರ ಬಂದಿದ್ದರೆ ಒಣಗಿದೆ. ಇಪ್ಪತ್ತು ಗ್ರಾಂ ಹೆಚ್ಚಿದ್ದರೆ ಒಳಗೆ ನೀರಿದೆ, ಕೈಗೆ ಎಷ್ಟೇ ಒಣಗಿದಂತೆ ಕಂಡರೂ.

ಕೊಯ್ಯುವುದು, ಹಿಂಭಾಗ, ಗುಂಡಿ

ಅಚ್ಚು ಒಳಗಿದ್ದಂತೆಯೇ ಕೈವಾರವನ್ನು 8 ಮಿ.ಮೀ.ಗೆ ಅಗಲಿಸಿ, ಒಂದು ಕಾಲು ಗೋಡೆಗೆ ತಾಗಿಸಿ ಹೊರಪಟ್ಟಿಯ ಸುತ್ತ ಗೆರೆ ಎಳೆಯಿರಿ. ಅದು ಕತ್ತರಿಸುವ ಗೆರೆ. 4 ಮಿ.ಮೀ.ಗೆ ಇಳಿಸಿ ಇನ್ನೊಂದು ಗೆರೆ, ಅದು ಹೊಲಿಗೆಯದು. 4ಕ್ಕಿಂತ ಗೋಡೆಗೆ ಹತ್ತಿರ ಹೋದರೆ ತೂತು ಹಾಕುವ ಚೀಸಲ್ ಗೋಡೆಗೆ ತಾಗಿ ವಾಲುತ್ತದೆ, ಹಿಂಬದಿಯ ಹೊಲಿಗೆ ಹಾವಿನಂತೆ ಡೊಂಕಾಗುತ್ತದೆ. ಬಾಯಿಯ ಗೆರೆಯನ್ನು ತಳದ ಗೋಡೆಯಿಂದ 55 ಮಿ.ಮೀ. ಅಳೆದು ಗುರುತಿಸಿ, ಹೊಸ ಬ್ಲೇಡಿನಲ್ಲಿ, ಅಚ್ಚಿನ ಮೇಲೆಯೇ ಕೊಯ್ಯಿರಿ. ಒಂದೇ ಏಟಿಗೆ ಬೇಡ, ಮೂರು ನಾಲ್ಕು ಹಗುರ ಎಳೆತ. ಸಮಗಾರರು ಚರ್ಮ ಕೊಯ್ಯುವ ರಂಪಿಗೆ ಬಳಸಿ ಅಭ್ಯಾಸವಿದ್ದರೆ ಅದಕ್ಕಿಂತ ಒಳ್ಳೆಯ ಆಯುಧವಿಲ್ಲ. ಬಾಯಿಯ ಅಂಚನ್ನು ಈಗಲೇ ಉಜ್ಜಿ ನುಣುಪು ಮಾಡಿ ಮುಗಿಸಿ, ಹೊಲಿದ ಮೇಲೆ ಒಳಮೂಲೆಗಳಿಗೆ ಕೈ ಹೋಗುವುದಿಲ್ಲ.

ಹಿಂಭಾಗಕ್ಕೆ 180 × 145ರ ಚರ್ಮ. ತಳದಿಂದ 65 ಮಿ.ಮೀ. ಬೆನ್ನು, ಮುಂದಿನ 32 ಮೇಲ್ಭಾಗ, ಉಳಿದದ್ದು ಮುಚ್ಚಳ. ಅಚ್ಚಿನ ದಪ್ಪ 30, ಚರ್ಮದ ದಪ್ಪ 2, ಅದಕ್ಕೇ 32. ಎರಡು ಬಾಗುವ ಗೆರೆಗಳಲ್ಲಿ ಒರಟು ಮೈ ಕಡೆಯಿಂದ ಅರ್ಧ ಮಿ.ಮೀ. ಆಳದ ಗೆರೆ ತೋಡಿ, ಆ ಪಟ್ಟಿಯನ್ನಷ್ಟೇ ಒದ್ದೆ ಮಾಡಿ. ಉಳಿದ 30 ಮಿ.ಮೀ. ಪ್ಲೈವುಡ್ಡಿನ ಅಂಚಿಗೆ ಒಂದು ಚೂರು ಚರ್ಮ ಅಂಟಿಸಿದರೆ ಸರಿಯಾಗಿ 32 ಆಗುತ್ತದೆ. ಅದರ ಮೇಲೆ ಬಾಗಿಸಿ, ಹಲಗೆ ಇಟ್ಟು ಕ್ಲ್ಯಾಂಪ್ ಹಾಕಿ ಒಣಗಿಸಿ. ಬಾಯಿಯ ಮಟ್ಟದಿಂದ ಮೇಲಕ್ಕೆ ಅಗಲವನ್ನು 160ಕ್ಕೆ ಇಳಿಸಿ, ಮುಚ್ಚಳದ ತುದಿಯ ಮೂಲೆಗಳನ್ನು ದುಂಡಾಗಿಸಿ.

ಬಣ್ಣ ಹಾಕುವವರು ಈಗ ಹಾಕಿ. ಅಚ್ಚಿಗೆ ಕೂರಿಸುವ ಮೊದಲೇ ಹಾಕಿದರೆ ಹಿಗ್ಗಿದ ಜಾಗಗಳು ಪೇಲವವಾಗುತ್ತವೆ. ಹೊಲಿದ ಮೇಲೆ ಹಾಕಿದರೆ ದಾರಕ್ಕೆ ಹತ್ತುತ್ತದೆ. ಸ್ಪಿರಿಟ್ ಬಣ್ಣವನ್ನು ಬಟ್ಟೆಯಿಂದ ವೃತ್ತಾಕಾರವಾಗಿ ಎರಡು ತೆಳು ಕೈ ಹಚ್ಚಿ, ನಡುವೆ ಒಂದು ಗಂಟೆ ಬಿಡಿ.

ಟಿಚ್ ಬಟನ್ನಿನ ಜಾಗವನ್ನು ಕಾಗದದ ಲೆಕ್ಕದಿಂದ ಗುರುತಿಸಬೇಡಿ. ಎರಡೂ ಭಾಗಗಳನ್ನು ಕಾಗದದ ಕ್ಲಿಪ್ಪಿನಿಂದ ಸೇರಿಸಿ, ಕನ್ನಡಕ ಒಳಗಿಟ್ಟು, ಮುಚ್ಚಳ ಮುಚ್ಚಿ, ಅದರ ತುದಿಯಿಂದ 14 ಮಿ.ಮೀ. ಒಳಗೆ, ನಡುಗೆರೆಯಲ್ಲಿ ಚರ್ಮ ಚುಚ್ಚುವ ಆರೆಯಿಂದ ಎರಡೂ ಪದರ ಚುಚ್ಚಿ ಗುರುತು ಮಾಡಿ. ಚುಚ್ಚುವ ಮೊದಲು ಕನ್ನಡಕ ತೆಗೆಯಲು ಮರೆಯಬೇಡಿ. ಬಟನ್ನಿನ ಕೆಳಭಾಗವನ್ನು ಮುಂಭಾಗಕ್ಕೆ ಹೊಲಿಗೆಗೆ ಮೊದಲೇ ಬಡಿದು ಕೂರಿಸಬೇಕು, ಆಮೇಲೆ ಒಳಗೆ ಅಡಿಗಲ್ಲು ಇಡಲು ಜಾಗ ಸಾಲದು. ಒಳಗೆ ಕಾಣುವ ಲೋಹ ಗಾಜನ್ನು ಗೀರದಂತೆ ಮುಂಭಾಗದ ಒಳಮುಖಕ್ಕೂ ಬೆನ್ನಿಗೂ ತೆಳುವಾದ ಮೃದು ಮೇಕೆ ಚರ್ಮ ಅಂಟಿಸಿ. ಇಲ್ಲಿ ಮಾತ್ರ ಕ್ರೋಮ್ ಚರ್ಮವೇ ವಾಸಿ, ಬಣ್ಣ ಬಿಡುವುದಿಲ್ಲ, ಮೆತ್ತಗಿರುತ್ತದೆ. ಒಳಪದರ ಹೊಲಿಗೆಯ ಗೆರೆಯೊಳಗೆ ಬಾರದಂತೆ ಕತ್ತರಿಸಿ.

ಅಂಟು, ಹೊಲಿಗೆ, ಅಂಚು

ಅಚ್ಚಿನಡಿ ಒತ್ತಿಕೊಂಡ ಹೊರಪಟ್ಟಿಯ ಒಳಮೈ ನುಣುಪಾಗಿರುತ್ತದೆ, 80ರ ಸ್ಯಾಂಡ್ ಪೇಪರಿನಿಂದ ಒರಟು ಮಾಡಿ. ಫೆವಿಕಾಲ್ ಎಸ್‌ಆರ್ ಥರದ ಕಾಂಟ್ಯಾಕ್ಟ್ ಅಂಟನ್ನು ಎರಡೂ ಕಡೆ ತೆಳ್ಳಗೆ ಹಚ್ಚಿ, 10ರಿಂದ 15 ನಿಮಿಷ, ಬೆರಳಿಗೆ ಅಂಟದಷ್ಟು ಒಣಗಲು ಬಿಟ್ಟು ಸೇರಿಸಿ. ಒಮ್ಮೆ ತಾಗಿದರೆ ಸರಿಸಲಾಗದು, ಹಾಗಾಗಿ ತಳದ ನಡುವಿನಿಂದ ಶುರುಮಾಡಿ ಎರಡೂ ಬದಿಗೆ ಏರಿ. ಹೊರಗೆ ಉಳಿದ ಬೆನ್ನಿನ ಚರ್ಮವನ್ನು ಮುಂಭಾಗದ ಅಂಚಿಗೆ ಸಮನಾಗಿ ಕೊಯ್ಯಿರಿ.

4 ಮಿ.ಮೀ. ಅಂತರದ ಚೀಸಲಿನಿಂದ ತೂತು ಹಾಕಿ. ಮೂಲೆಯ ಬಳಸಿನಲ್ಲಿ ಎರಡು ಹಲ್ಲಿನ ಚೀಸಲ್ ಬಳಸಿ. ಮೂರು ಬದಿ ಸೇರಿ ಹೊಲಿಗೆ ಸುಮಾರು 27 ಸೆಂ.ಮೀ., 70ರ ಹತ್ತಿರ ತೂತು ಬರುತ್ತವೆ. ದಾರ ಅದರ ನಾಲ್ಕು ಪಟ್ಟು, ಜೊತೆಗೆ ಸೂಜಿಗಳಿಗೆಂದು 40 ಸೆಂ.ಮೀ., ಒಟ್ಟು ಒಂದೂವರೆ ಮೀಟರ್ ಮೇಣದ ದಾರ, 0.8 ಮಿ.ಮೀ. ದಪ್ಪ. ಎರಡೂ ತುದಿಗೆ ಸೂಜಿ ಹಾಕಿ, ಪ್ರತಿ ತೂತಿನಲ್ಲೂ ಎರಡೂ ಸೂಜಿ ಎದುರುಬದುರು ದಾಟಲಿ. ಮೆಷಿನ್ ಹೊಲಿಗೆಯಲ್ಲಿ ಒಂದೆಡೆ ದಾರ ಕಡಿದರೆ ಸಾಲು ಬಿಚ್ಚುತ್ತಾ ಹೋಗುತ್ತದೆ. ಇಲ್ಲಿ ಒಂದು ಎಳೆ ಕಡಿದರೂ ಇನ್ನೊಂದು ಹಿಡಿದಿರುತ್ತದೆ. ಸದಾ ಒಂದೇ ಕೈಯ ಸೂಜಿಯನ್ನು ಮೊದಲು ಹಾಕಿ, ಆಗಲೇ ಹೊಲಿಗೆಯ ಓರೆ ಒಂದೇ ಸಮ ಬರುವುದು. ಬಾಯಿಯ ಎರಡೂ ತುದಿಗಳಲ್ಲಿ ಎರಡು ಹೊಲಿಗೆ ಹಿಂದಕ್ಕೆ ಹಾಕಿ ಬಿಗಿ ಮಾಡಿ, ಹೆಚ್ಚು ಜಗ್ಗುವುದು ಅಲ್ಲೇ.

ಅಂಚಿಗೆ 220, 400, 600ರ ಸ್ಯಾಂಡ್ ಪೇಪರ್ ಕ್ರಮವಾಗಿ. ಒಂದು ಬೆರಳು ನೀರು ಸವರಿ, ದಪ್ಪ ಕ್ಯಾನ್ವಾಸ್ ಬಟ್ಟೆಯಿಂದ ಬಿಸಿ ಏರುವ ತನಕ ಉಜ್ಜಿ, ಜೇನುಮೇಣ ಸವರಿ ಮತ್ತೆ ಉಜ್ಜಿ. ಎರಡು ಪದರ ಒಂದೇ ಆಗಿ, ಹುಣಸೆಬೀಜದಂತೆ ಹೊಳೆಯಬೇಕು. ಮೈಗೆ ಜೇನುಮೇಣ ಒಂದು ಪಾಲು, ಚರ್ಮಕ್ಕೆಂದೇ ಮಾರುವ ಎಣ್ಣೆ ಎರಡು ಪಾಲು ಕರಗಿಸಿ ಬೆರೆಸಿದ್ದನ್ನು ಬಲು ತೆಳ್ಳಗೆ ಒಮ್ಮೆ ಹಚ್ಚಿ. ಎಣ್ಣೆ ಹೆಚ್ಚಾದರೆ ಇಷ್ಟು ಕಷ್ಟಪಟ್ಟು ತಂದ ಗಡಸು ಹೋಗಿ ಗೋಡೆ ಮೆತ್ತಗಾಗುತ್ತದೆ. ಅಡುಗೆ ಎಣ್ಣೆ ಹಚ್ಚಬೇಡಿ, ಕಮಟು ವಾಸನೆ ಬರುತ್ತದೆ.

ವಸ್ತುವಿನ ಮೇಲೆಯೇ ಕೂರಿಸುವುದಾದರೆ

ಗಿಡ ಸವರುವ ಕತ್ತರಿ, ಮಡಿಸುವ ಚಾಕು ಇಂಥವಕ್ಕೆ ಮರದ ಅಚ್ಚು ಬೇಕಿಲ್ಲ, ವಸ್ತುವೇ ಅಚ್ಚು. ಕ್ರಮ ಮಾತ್ರ ತಿರುಗುಮುರುಗು. ಮೊದಲು ಹೊಲಿದು, ಆಮೇಲೆ ನೆನೆಸುವುದು. ಚರ್ಮ 2.5ರಿಂದ 3 ಮಿ.ಮೀ. ಇರಲಿ. ಅಲಗಿನ ಕಡೆಯ ಹೊಲಿಗೆಯೊಳಗೆ ಒಂದು ಪಟ್ಟಿ ಚರ್ಮ ಸೇರಿಸಿ ಹೊಲಿದರೆ ಅಲಗು ದಾರವನ್ನು ಕೊಯ್ಯುವುದಿಲ್ಲ. ಒರೆಯನ್ನು ಅರ್ಧ ನಿಮಿಷ ಮುಳುಗಿಸಿ ತೆಗೆದು, ಕತ್ತರಿಗೆ ಎರಡು ಸುತ್ತು ಕ್ಲಿಂಗ್ ಫಿಲ್ಮ್ ಸುತ್ತಿ ಒಳಗಿಡಿ. ಫಿಲ್ಮ್ ಹರಿದರೆ ಉಕ್ಕು ತುಕ್ಕು ಹಿಡಿಯುತ್ತದೆ, ಚರ್ಮ ಕಪ್ಪಾಗುತ್ತದೆ. ಬೆರಳಿನಿಂದ ಕೀಲು, ಸ್ಪ್ರಿಂಗು, ಹಿಡಿಯ ಸುತ್ತ ಒತ್ತುತ್ತಾ ಬನ್ನಿ. ಎಲ್ಲ ವಿವರವೂ ಎದ್ದು ಕಾಣಬೇಕೆಂಬ ಆಸೆ ಬೇಡ. ಪ್ರತಿ ತಗ್ಗನ್ನೂ ಆಳವಾಗಿ ಒತ್ತಿದರೆ ಕತ್ತರಿಯನ್ನು ಹೊರಗೆಳೆಯಲು ಎರಡೂ ಕೈ ಬೇಕಾದೀತು. ಒಂದೆರಡು ಜಾಗ ಹಿಡಿದರೆ ಸಾಕು. ಎರಡು ಗಂಟೆಯಲ್ಲಿ ಆಕಾರ ನಿಂತ ಮೇಲೆ ಕತ್ತರಿಯನ್ನು ನಿಧಾನವಾಗಿ ತೆಗೆದು, ಒರೆಸಿ, ಎಣ್ಣೆ ಹಚ್ಚಿಡಿ. ಒರೆ ಬಾಯಿ ತೆರೆದುಕೊಂಡೇ ಒಣಗಲಿ.

ಬಿಗಿಯಾಯಿತೆಂದು ಕನ್ನಡಕದ ಕೇಸನ್ನಾಗಲಿ ಒರೆಯನ್ನಾಗಲಿ ಎಸೆಯಬೇಕಿಲ್ಲ. ಮೇಣ ಹಚ್ಚುವ ಮೊದಲಾದರೆ ಒಳಗಿನಿಂದ ಬಿಗಿ ಇರುವ ಜಾಗವನ್ನಷ್ಟೇ ಒದ್ದೆ ಬಟ್ಟೆಯಿಂದ ಹತ್ತು ನಿಮಿಷ ನೆನೆಸಿ, ಒಂದು ಪದರ ಹೆಚ್ಚು ಸುತ್ತಿದ ಅಚ್ಚನ್ನೋ ಕತ್ತರಿಯನ್ನೋ ಒಳಗಿಟ್ಟು ಒಣಗಿಸಿದರೆ ಒಂದು ಮಿ.ಮೀ. ಜಾಗ ಬಿಟ್ಟುಕೊಡುತ್ತದೆ.